ಒಸೆಲ್ಟಾಮಿವಿರ್ 75 ಮಿ.ಗ್ರಾಂ: ಕೊಡಗಿನ ಮಳೆಗಾಲದಲ್ಲಿ ಈ ಕ್ಯಾಪ್ಸೂಲನ್ನು ಎಷ್ಟು ನಂಬಬಹುದು?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರ್ ಇವತ್ತಿಗೂ ಕೆಲಸ ಮಾಡುವ ಮದ್ದು. ಮಳೆ ಹಿಡಿದು ಮನೆಮನೆಯಲ್ಲಿ ಜ್ವರ ಶುರುವಾದಾಗ "ವೈರಸ್ ಈಗ ಇದಕ್ಕೂ ಬಗ್ಗುವುದಿಲ್ಲವಂತೆ" ಎಂಬ ಮಾತು ಕೇಳಿಬರುತ್ತದೆ. ಆ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಹೆಚ್ಚಿನದು ತಪ್ಪು ತಿಳಿವಳಿಕೆ. ಮದ್ದು ಹಿಡಿಯಲಿಲ್ಲ ಎನ್ನುವ ಹತ್ತಾರು ದೂರುಗಳನ್ನು ಬಿಡಿಸಿ ನೋಡಿದರೆ ತಡವಾಗಿ ಶುರು ಮಾಡಿದ್ದು, ಪ್ರಮಾಣ ತಪ್ಪಿದ್ದು ಅಥವಾ ಜ್ವರವೇ ಫ್ಲೂ ಅಲ್ಲದಿದ್ದದ್ದು ಕಾಣುತ್ತದೆ. ನಿಜವಾದ ಪ್ರತಿರೋಧ, ಅಂದರೆ ವೈರಸ್ಸೇ ಬದಲಾಗಿ ಮದ್ದಿಗೆ ಬಗ್ಗದಿರುವುದು, ಅಪರೂಪ. ಆದರೆ ಅದು ಹೇಗೆ ಹುಟ್ಟುತ್ತದೆ ಎಂದು ಕೊಳ್ಳುವವರಿಗೂ ಕೊಡುವವರಿಗೂ ಗೊತ್ತಿರಬೇಕು, ಏಕೆಂದರೆ ಕೆಲವೊಮ್ಮೆ ಹುಟ್ಟಲು ದಾರಿ ಮಾಡಿಕೊಡುವುದು ನಾವೇ.

ಸರಕು ಏನೆಂದು ನೋಡೋಣ. ದೊಡ್ಡವರಿಗೆ 75 ಮಿ.ಗ್ರಾಂ ಕ್ಯಾಪ್ಸೂಲ್, ಬೆಳಿಗ್ಗೆ ಒಂದು ರಾತ್ರಿ ಒಂದು, ಐದು ದಿನ. ಒಟ್ಟು ಹತ್ತು, ಅಂದರೆ ಒಂದು ಸ್ಟ್ರಿಪ್‌ಗೆ ಒಂದು ಕೋರ್ಸ್ ಮುಗಿಯುತ್ತದೆ. ಮೂಲ ಬ್ರ್ಯಾಂಡ್ ರೋಶ್ ಕಂಪನಿಯ ಟಾಮಿಫ್ಲೂ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಭಾರತೀಯ ಕಂಪನಿಗಳ ಫ್ಲೂವಿರ್, ಆಂಟಿಫ್ಲೂ, ನ್ಯಾಟ್‌ಫ್ಲೂ. ಒಳಗಿನ ಮದ್ದು ಒಂದೇ. ಬ್ರ್ಯಾಂಡ್ ಬದಲಾದರೆ ಗಾಬರಿಪಡುವ ಅಗತ್ಯವಿಲ್ಲ. 30 ಮತ್ತು 45 ಮಿ.ಗ್ರಾಂ ಕ್ಯಾಪ್ಸೂಲ್‌ಗಳೂ ತಯಾರಾಗುತ್ತವೆ. ಮಕ್ಕಳಿಗೆ ಮತ್ತು ಕಿಡ್ನಿ ತೊಂದರೆ ಇರುವವರಿಗೆ ಅವು ಬೇಕೇ ಬೇಕು. ಊರಿನ ಸಣ್ಣ ಅಂಗಡಿಯವರು 75 ಮಾತ್ರ ಇಟ್ಟುಕೊಳ್ಳದೆ ಮಳೆಗಾಲಕ್ಕೆ ಮುಂಚೆ 30ರ ಒಂದೆರಡು ಸ್ಟ್ರಿಪ್ ತರಿಸಿಡುವುದು ಒಳ್ಳೆಯದು.

ಕೆಲಸ ಮಾಡುವ ಬಗೆ ಸರಳ. ಫ್ಲೂ ವೈರಸ್ ನಮ್ಮ ಶ್ವಾಸನಾಳದ ಜೀವಕೋಶದೊಳಗೆ ಹೊಕ್ಕು ತನ್ನ ಮರಿಗಳನ್ನು ಮಾಡುತ್ತದೆ. ಹೊರಬಂದ ಮರಿಗಳು ಕೋಶದ ಮೈಮೇಲಿನ ಸಿಯಾಲಿಕ್ ಆಮ್ಲಕ್ಕೆ ಅಂಟಿಕೊಂಡೇ ಇರುತ್ತವೆ. ಆ ಅಂಟನ್ನು ಕತ್ತರಿಸಿ ಬಿಡಿಸುವುದು ವೈರಸ್ಸಿನದೇ ನ್ಯೂರಾಮಿನಿಡೇಸ್ ಎಂಬ ಕಿಣ್ವ. ಒಸೆಲ್ಟಾಮಿವಿರ್ ಆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಕೂರುತ್ತದೆ. ಮರಿಗಳು ಅಲ್ಲೇ ಸಿಲುಕುತ್ತವೆ, ಪಕ್ಕದ ಕೋಶಕ್ಕೆ ಹೋಗಲಾಗುವುದಿಲ್ಲ. ಇದು ವೈರಸ್ಸನ್ನು ಕೊಲ್ಲುವ ಮದ್ದಲ್ಲ, ಹರಡುವುದನ್ನು ತಡೆಯುವ ಮದ್ದು. ವೈರಸ್ ಸಂಖ್ಯೆ ಏರುವುದು ಮೊದಲ ಎರಡು ಮೂರು ದಿನ. ಆಮೇಲೆ ತಡೆದು ಸಿಗುವ ಲಾಭ ಇಳಿಯುತ್ತಾ ಹೋಗುತ್ತದೆ. ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಬೇಕು ಎನ್ನುವುದಕ್ಕೆ ಕಾರಣ ಇದೇ. ಆಸ್ಪತ್ರೆ ಸೇರುವಷ್ಟು ಗಂಭೀರವಾದವರಿಗೆ ಮಾತ್ರ 48 ಗಂಟೆ ದಾಟಿದ ಮೇಲೂ ಕೊಡುತ್ತಾರೆ.

ಲಾಭ ಎಷ್ಟು ಎಂಬುದನ್ನು ಉಬ್ಬಿಸದೆ ಹೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಂಸ್ಥೆಯ 2014ರ ವಿಶ್ಲೇಷಣೆಯ ಪ್ರಕಾರ ಆರೋಗ್ಯವಂತ ವಯಸ್ಕರಲ್ಲಿ ಫ್ಲೂ ಲಕ್ಷಣಗಳು 7 ದಿನದಿಂದ 6.3 ದಿನಕ್ಕೆ ಇಳಿದವು, ಅಂದರೆ ಸುಮಾರು 17 ಗಂಟೆ ಉಳಿತಾಯ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ಗಂಭೀರವಲ್ಲದ ಫ್ಲೂಗೆ ಒಸೆಲ್ಟಾಮಿವಿರ್ ಬೇಡ, ಗಂಭೀರ ಸ್ಥಿತಿಯಲ್ಲಿ ಕೊಡಬಹುದು ಎನ್ನುತ್ತದೆ. ಗಟ್ಟಿಮುಟ್ಟಾದ ಮೂವತ್ತರ ಹುಡುಗನಿಗೆ ಒಂದು ದಿನದ ಮೈಕೈ ನೋವು ಕಡಿಮೆ ಮಾಡಲು ಈ ಸ್ಟ್ರಿಪ್ ಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ. ಗರ್ಭಿಣಿಯರು, 65 ದಾಟಿದವರು, ಚಿಕ್ಕ ಮಕ್ಕಳು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೆರಾಯ್ಡ್ ನುಂಗುವವರು, ಇವರ ಲೆಕ್ಕ ಬೇರೆ.

ಕೇಂದ್ರ ಆರೋಗ್ಯ ಸಚಿವಾಲಯದ ಎ, ಬಿ, ಸಿ ವಿಂಗಡಣೆ ಇದಕ್ಕೇ ಇರುವುದು. ಸಣ್ಣ ಜ್ವರ, ಕೆಮ್ಮು, ಗಂಟಲು ಕೆರೆತ ಎ ಗುಂಪು: ಪರೀಕ್ಷೆಯೂ ಬೇಡ, ಒಸೆಲ್ಟಾಮಿವಿರ್ ಕೂಡ ಬೇಡ, ಒಂದೆರಡು ದಿನ ಗಮನಿಸಿದರೆ ಸಾಕು. ಜೋರು ಜ್ವರ, ತೀವ್ರ ಗಂಟಲು ನೋವು ಬಿ ಗುಂಪು. ಮೇಲೆ ಹೇಳಿದ ಅಪಾಯದವರಿಗೆ ಲಕ್ಷಣ ಸಣ್ಣದಿದ್ದರೂ ಅವರು ಬಿ ಗುಂಪೇ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಮದ್ದು ಶುರು ಮಾಡಬೇಕು. ಉಸಿರಾಟದ ಕಷ್ಟ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಸಿ ಗುಂಪು: ನೇರ ಆಸ್ಪತ್ರೆ. ಭಾಗಮಂಡಲ, ಗಾಳಿಬೀಡು, ಶಾಂತಳ್ಳಿ ಕಡೆ ಮರ ಬಿದ್ದು ರಸ್ತೆ ಬಂದ್ ಆಗುವ ದಿನಗಳಲ್ಲಿ "ನಾಳೆ ನೋಡೋಣ" ಎಂಬ ಒಂದು ಮಾತಿಗೆ 48 ಗಂಟೆ ಕಳೆದುಹೋಗುತ್ತದೆ. ಬಿ ಗುಂಪಿನ ವಯಸ್ಸಾದವರು ಮನೆಯಲ್ಲಿದ್ದರೆ ಜ್ವರ ಬಂದ ಮೊದಲ ದಿನವೇ ವೈದ್ಯರಿಗೆ ಫೋನ್ ಮಾಡಿ.

ಈಗ ಅಂಗಡಿಯ ಮಾತು. ಒಸೆಲ್ಟಾಮಿವಿರ್ ಶೆಡ್ಯೂಲ್ ಎಚ್1ರ ಮದ್ದು. 2009ರ ಹಂದಿಜ್ವರದ ಕಾಲದಲ್ಲಿ ಇದು ಇನ್ನೂ ಬಿಗಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿತ್ತು. ಕೆಲವೇ ಅಂಗಡಿಗಳಲ್ಲಿ ಸಿಗುತ್ತಿತ್ತು. 2017ರಲ್ಲಿ ಎಚ್1ಕ್ಕೆ ಬಂದ ಮೇಲೆ ಸಾಮಾನ್ಯ ಮೆಡಿಕಲ್‌ನಲ್ಲೂ ಇಡಬಹುದಾಯಿತು. ಆದರೆ ಚೀಟಿ ಇಲ್ಲದೆ ಕೊಡುವಂತಿಲ್ಲ, ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳಿದ ಅಂಗಡಿಯವರ ಮೇಲೆ ರೇಗಬೇಡಿ. ಚೀಟಿ ಕೇಳದೆ ಎರಡು ಕ್ಯಾಪ್ಸೂಲ್ ಕತ್ತರಿಸಿ ಕೊಡುವ ಅಂಗಡಿಯೇ ಅನುಮಾನಕ್ಕೆ ಅರ್ಹ. ಕೊಳ್ಳುವಾಗ ನೋಡಬೇಕಾದ್ದು ಮೂರು: ಮಿ.ಗ್ರಾಂ ಎಷ್ಟು, ಎಕ್ಸ್‌ಪೈರಿ ಯಾವಾಗ, ಸ್ಟ್ರಿಪ್ ಪೂರ್ತಿ ಇದೆಯೇ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಗೋಡೆಯೇ ಬೂಷ್ಟು ಹಿಡಿಯುತ್ತದೆ. ಜೆಲಾಟಿನ್ ಕ್ಯಾಪ್ಸೂಲ್ ಬಿಡಿಯಾಗಿ ಕಾಗದದ ಪೊಟ್ಟಣದಲ್ಲಿದ್ದರೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನುಂಗುವ ಹೊತ್ತಿಗೆ ಮಾತ್ರ ಸ್ಟ್ರಿಪ್‌ನಿಂದ ತೆಗೆಯಿರಿ. ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ, 25 ಡಿಗ್ರಿ ಆಸುಪಾಸು ಅದಕ್ಕೆ ಹಿತ.

ತೆಗೆದುಕೊಳ್ಳುವ ಕ್ರಮದಲ್ಲಿ ಕಷ್ಟವೇನಿಲ್ಲ. ಊಟ ತಿಂಡಿಯ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಈ ಮದ್ದಿನ ಮುಖ್ಯ ಕಾಟ ವಾಕರಿಕೆ, ವಾಂತಿಯೇ. ಹಾಲು ಹಾಕಿದ ಕಾಫಿ ಕುಡಿದರೂ ತೊಂದರೆ ಇಲ್ಲ. ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನದಕ್ಕೆ ಎರಡು ಗಂಟೆಯೂ ಉಳಿದಿಲ್ಲವಾದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಮೂರನೇ ದಿನ ಜ್ವರ ಬಿಟ್ಟಿತು ಎಂದು ನಿಲ್ಲಿಸಬಾರದು. ಹದಿಹರೆಯದವರು ಮದ್ದು ತೆಗೆದುಕೊಳ್ಳುತ್ತಿರುವಾಗ ವಿಚಿತ್ರವಾಗಿ ಮಾತಾಡಿದರೆ, ಗೊಂದಲಗೊಂಡರೆ ಒಬ್ಬರೇ ಬಿಡಬೇಡಿ. ಜೋರು ಫ್ಲೂನಲ್ಲೂ ಹೀಗಾಗುತ್ತದೆ, ಮದ್ದಿನಿಂದಲೇ ಎಂದು ಹೇಳಲಾಗದು. ಹಾಗೆಂದು ನಿರ್ಲಕ್ಷಿಸುವಂತಿಲ್ಲ.

ಕಿಡ್ನಿ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ನುಂಗಿದ ಒಸೆಲ್ಟಾಮಿವಿರ್ ಯಕೃತ್ತಿನಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗಿ, ಆಮೇಲೆ ಬಹುತೇಕ ಪೂರ್ತಿ ಕಿಡ್ನಿ ಮೂಲಕವೇ ಹೊರಹೋಗುತ್ತದೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ರಕ್ತ ಸೋಸುವ ವೇಗ, ನಿಮಿಷಕ್ಕೆ ಇಷ್ಟು ಮಿ.ಲೀ. ಎಂಬ ಲೆಕ್ಕ) 30ರಿಂದ 60ರೊಳಗೆ ಇದ್ದರೆ 30 ಮಿ.ಗ್ರಾಂ ದಿನಕ್ಕೆರಡು ಬಾರಿ, 10ರಿಂದ 30ರೊಳಗೆ ಇದ್ದರೆ 30 ಮಿ.ಗ್ರಾಂ ದಿನಕ್ಕೊಮ್ಮೆ. ರಕ್ತ ಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ ಸಹಜ ಅಂಕೆಯೊಳಗೇ ಕಂಡರೂ ಎಂಬತ್ತು ದಾಟಿದ ಸಣಕಲು ಅಜ್ಜಿಯ ಕ್ಲಿಯರೆನ್ಸ್ 60ಕ್ಕಿಂತ ಕೆಳಗಿರಬಹುದು. ವಯಸ್ಸು ಮತ್ತು ತೂಕ ಹಾಕಿ ಲೆಕ್ಕ ಮಾಡಿದರೆ ಮಾತ್ರ ಅದು ಗೊತ್ತಾಗುತ್ತದೆ. ಆದ್ದರಿಂದ ಹಳೆಯ ವರದಿ ಇದ್ದರೆ ಚೀಟಿ ಬರೆಸುವಾಗ ವೈದ್ಯರ ಮುಂದಿಡಿ, ತೂಕವನ್ನೂ ಹೇಳಿ.

ನಮಗೆ ಈ ಸರಕಿನಲ್ಲಿ ಸಮಾಧಾನ ತರದ ಭಾಗ ಮಕ್ಕಳ ಸಿರಪ್. ಒಂದು ವರ್ಷ ದಾಟಿದ ಮಕ್ಕಳಿಗೆ ತೂಕದ ಮೇಲೆ ಪ್ರಮಾಣ: 15 ಕೆ.ಜಿ.ವರೆಗೆ 30 ಮಿ.ಗ್ರಾಂ, 15 ದಾಟಿ 23ರವರೆಗೆ 45, 23 ದಾಟಿ 40ರವರೆಗೆ 60, ಅದಕ್ಕೂ ಮೇಲೆ ದೊಡ್ಡವರಂತೆ 75. ಎಲ್ಲವೂ ದಿನಕ್ಕೆರಡು ಬಾರಿ. ಇಲ್ಲಿವರೆಗೆ ಸರಿ. ತೊಡಕು ಬರುವುದು ಸಾಂದ್ರತೆಯಲ್ಲಿ. ಪ್ರತಿ ಮಿ.ಲೀ.ಗೆ 12 ಮಿ.ಗ್ರಾಂ ಇರುವ ಸಿರಪ್ ಇದೆ, 6 ಮಿ.ಗ್ರಾಂ ಇರುವುದೂ ಇದೆ. 30 ಮಿ.ಗ್ರಾಂ ಎಂದರೆ ಮೊದಲನೆಯದರಲ್ಲಿ 2.5 ಮಿ.ಲೀ., ಎರಡನೆಯದರಲ್ಲಿ 5 ಮಿ.ಲೀ. ಚೀಟಿಯಲ್ಲಿ ಬರೀ "5 ಮಿ.ಲೀ." ಎಂದು ಬರೆದಿದ್ದು ಅಂಗಡಿಯಲ್ಲಿ ಬೇರೆ ಸಾಂದ್ರತೆಯ ಬಾಟಲಿ ಕೊಟ್ಟರೆ ಮಗುವಿಗೆ ಎರಡರಷ್ಟು ಅಥವಾ ಅರ್ಧದಷ್ಟು ಹೋಗುತ್ತದೆ. ಮಿ.ಗ್ರಾಂ ಮತ್ತು ಮಿ.ಲೀ. ನಡುವಿನ ಇಂಥ ಗೊಂದಲದಿಂದಲೇ ಅಮೆರಿಕದಲ್ಲಿ 2011ರಲ್ಲಿ 12ರ ಸಿರಪ್ ತೆಗೆದು 6ಕ್ಕೆ ಬದಲಾಯಿಸಿದರು. 12ರದು ಅಲುಗಾಡಿಸಿದಾಗ ನೊರೆ ಬಂದು ಅಳತೆ ತಪ್ಪುತ್ತಿತ್ತು ಎಂಬ ಕಾರಣವೂ ಸೇರಿತ್ತು. ಚೀಟಿಯಲ್ಲಿ ಮಿ.ಗ್ರಾಂ ಬರೆಸಿ, ಅಂಗಡಿಯಲ್ಲಿ ಬಾಟಲಿ ನೋಡಿ ಮಿ.ಲೀ. ಲೆಕ್ಕ ಹಾಕಿಸಿ. ಚಮಚ ಬೇಡ, ಸಿರಿಂಜ್ ಕೇಳಿ ತೆಗೆದುಕೊಳ್ಳಿ.

ಬಾಟಲಿಯಲ್ಲಿ ಬರುವುದು ಪುಡಿ. ಮೊದಲು ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲ ಮಾಡಿ, ಕುದಿಸಿ ಆರಿಸಿದ ನೀರನ್ನು ಲೇಬಲ್ ಹೇಳಿದಷ್ಟೇ ಹಾಕಿ, ಮುಚ್ಚಿ ಚೆನ್ನಾಗಿ ಅಲುಗಾಡಿಸಿ. ಪ್ರತಿ ಸಲ ಕೊಡುವ ಮುಂಚೆಯೂ ಅಲುಗಾಡಿಸಬೇಕು. ಇಲ್ಲದಿದ್ದರೆ ಮೊದಲ ದಿನ ತೆಳು ನೀರು, ಕೊನೆಯ ದಿನ ಗಟ್ಟಿ ಮದ್ದು. ಕರೆಂಟ್ ಹೋದರೆ ಫ್ರಿಜ್ ಇಲ್ಲದೆ ಹಾಳಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕಲಸಿದ ಟಾಮಿಫ್ಲೂ ಸಿರಪ್ 25 ಡಿಗ್ರಿಯೊಳಗೆ ಹತ್ತು ದಿನ, ಫ್ರಿಜ್‌ನಲ್ಲಿ 17 ದಿನ ಇರುತ್ತದೆ. ಕೋರ್ಸ್ ಇರುವುದೇ ಐದು ದಿನ. ಮಡಿಕೇರಿಯ ಆಷಾಢದ ಚಳಿಯಲ್ಲಿ ಚಿಂತೆ ಬೇಕಿಲ್ಲ, ಕುಶಾಲನಗರದ ಮಾರ್ಚ್ ಬಿಸಿಲಲ್ಲಿ ಮಾತ್ರ ತಣ್ಣಗಿನ ಜಾಗ ನೋಡಿ. ನಿಮ್ಮ ಬ್ರ್ಯಾಂಡಿನ ಲೇಬಲ್ ಬೇರೆ ಹೇಳಿದರೆ ಅದೇ ಅಂತಿಮ.

ಸಿರಪ್ ಸಿಗದಿದ್ದರೆ ಕ್ಯಾಪ್ಸೂಲ್ ಬಿಚ್ಚಿ ಕೊಡಬಹುದು, ವೈದ್ಯರು ಒಪ್ಪಿದರೆ. ಒಂದು ಬಟ್ಟಲಲ್ಲಿ 75 ಮಿ.ಗ್ರಾಂ ಕ್ಯಾಪ್ಸೂಲಿನ ಪುಡಿ ಪೂರ್ತಿ ಸುರಿದು, ಸಿರಿಂಜ್‌ನಿಂದ ಅಳೆದು 5 ಮಿ.ಲೀ. ನೀರು ಹಾಕಿ, ಎರಡು ನಿಮಿಷ ಕಲಕಿ. ಈಗ ಒಂದು ಮಿ.ಲೀ.ಗೆ 15 ಮಿ.ಗ್ರಾಂ. 30 ಬೇಕಾದರೆ 2 ಮಿ.ಲೀ., 45ಕ್ಕೆ 3, 60ಕ್ಕೆ 4. ತಳದಲ್ಲಿ ಕರಗದೆ ಉಳಿಯುವ ಬಿಳಿ ಪುಡಿ ಮದ್ದಲ್ಲ, ಅದನ್ನು ಎಳೆದುಕೊಳ್ಳಬೇಕಾಗಿಲ್ಲ. ವಿಪರೀತ ಕಹಿ, ಆದ್ದರಿಂದ ಒಂದು ಚಮಚ ಬೆಲ್ಲದ ಪಾಕವನ್ನೋ ಜೇನನ್ನೋ ಬೆರೆಸಿ ಕೂಡಲೇ ಕುಡಿಸಿ. ಜೇನು ಎರಡು ವರ್ಷ ದಾಟಿದವರಿಗೆ ಮಾತ್ರ. ಉಳಿದದ್ದನ್ನು ರಾತ್ರಿಗೆ ಎತ್ತಿಡಬೇಡಿ, ಚೆಲ್ಲಿ. ಒಂದು ವರ್ಷದೊಳಗಿನ ಕೂಸಿಗೆ ಈ ಮನೆ ಲೆಕ್ಕ ಬೇಡವೇ ಬೇಡ.

ಇನ್ನು ಪ್ರತಿರೋಧ. ಒಸೆಲ್ಟಾಮಿವಿರ್‌ಗಿಂತ ಮೊದಲು ಫ್ಲೂಗೆ ಅಮಾಂಟಡಿನ್, ರಿಮಾಂಟಡಿನ್ ಇದ್ದವು. ಅವು ವೈರಸ್ಸಿನ ಎಂ2 ಎಂಬ ಪ್ರೋಟೀನ್ ಕೊಳವೆಯನ್ನು ಮುಚ್ಚುತ್ತಿದ್ದವು. ಆ ಪ್ರೋಟೀನಿನ 31ನೇ ಸ್ಥಾನದಲ್ಲಿ ಎಸ್31ಎನ್ ಎಂಬ ಒಂದೇ ಬದಲಾವಣೆ ಬಂದು 2005-06ರ ಹೊತ್ತಿಗೆ ಎ ವಿಧದ ಫ್ಲೂನ ಒಂದು ಬಗೆಯಾದ ಎಚ್3ಎನ್2 ವೈರಸ್ ಬಹುಪಾಲು ಕೈತಪ್ಪಿತು. 2009ರ ಹೊಸ ಎಚ್1ಎನ್1, ಅಂದರೆ ಹಂದಿಜ್ವರದ ವೈರಸ್, ಹುಟ್ಟುವಾಗಲೇ ಆ ಬದಲಾವಣೆ ಹೊತ್ತು ಬಂತು, ಏಕೆಂದರೆ ಅದರ ಎಂ ಜೀನ್ ಯುರೋಪ್-ಏಷ್ಯಾದ ಹಂದಿಗಳ ವೈರಸ್ಸಿನದು. ಹಂದಿ ಸಾಕುವ ಜಿಲ್ಲೆಯವರು ಇಷ್ಟು ತಿಳಿದಿರಿ: ಬೇಯಿಸಿದ ಪಂದಿಕರಿಯಿಂದ ಫ್ಲೂ ಬರುವುದಿಲ್ಲ, ಗೂಡಿನಲ್ಲಿ ಕೆಮ್ಮುವ ಹಂದಿಯ ಹತ್ತಿರ ಬರಿಮೂತಿಯಲ್ಲಿ ಕೆಲಸ ಮಾಡಿದರೆ ಬರಬಹುದು. ಅಮಾಂಟಡಿನ್ ಇವತ್ತಿಗೂ ಪಾರ್ಕಿನ್ಸನ್ ಕಾಯಿಲೆಗೆ ಬಳಕೆಯಲ್ಲಿದೆ. ಮನೆಯ ಹಿರಿಯರ ಆ ಮಾತ್ರೆ ಫ್ಲೂಗೂ ಆಗುತ್ತದೆ ಎಂದು ಹಳೆಯ ಪುಸ್ತಕ ನೋಡಿ ಹೇಳುವವರ ಮಾತು ಕೇಳಬೇಡಿ.

ಒಸೆಲ್ಟಾಮಿವಿರ್‌ನ ಸರದಿ 2007-08ರಲ್ಲಿ ಬಂತು. ಆಗಿನ ಹಳೆಯ ಎಚ್1ಎನ್1ನಲ್ಲಿ ಎಚ್275ವೈ ಎಂಬ ಬದಲಾವಣೆ ಮೊದಲು ಕಣ್ಣಿಗೆ ಬಿದ್ದದ್ದು ನಾರ್ವೆಯಲ್ಲಿ. ಅಲ್ಲಿ ಪರೀಕ್ಷಿಸಿದ ವೈರಸ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಪ್ರತಿರೋಧ ತೋರಿದವು. ಒಂದು ವರ್ಷದಲ್ಲಿ ಜಗತ್ತಿನ ಬಹುಭಾಗದಲ್ಲಿ ಆ ವೈರಸ್ಸಿಗೆ ಈ ಮದ್ದು ನಾಟುವುದೇ ನಿಂತಿತು. ಬೆರಗಿನ ಸಂಗತಿ ಎಂದರೆ ನಾರ್ವೆಯಲ್ಲಿ ಒಸೆಲ್ಟಾಮಿವಿರ್ ಬಳಕೆ ತೀರಾ ಕಡಿಮೆ ಇತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಬಳಸುತ್ತಿದ್ದ ಜಪಾನಿನಲ್ಲಿ ಆ ಋತುವಿನಲ್ಲಿ ಪ್ರತಿರೋಧ ಕಡಿಮೆ ಇತ್ತು. ಮದ್ದು ಹೆಚ್ಚು ನುಂಗಿದ ಕಡೆಯೇ ಪ್ರತಿರೋಧ ಹೆಚ್ಚು ಎಂಬ ಆಂಟಿಬಯೋಟಿಕ್ ಲೆಕ್ಕ ಇಲ್ಲಿ ಹಾಗೇ ಹೊಂದುವುದಿಲ್ಲ.

ಕಾರಣ ಕಿಣ್ವದ ಒಳಗಿದೆ. ಒಸೆಲ್ಟಾಮಿವಿರ್ ಕೂರಬೇಕಾದರೆ ಕಿಣ್ವದ ಒಂದು ಅಮೈನೋ ಆಮ್ಲ ಪಕ್ಕಕ್ಕೆ ತಿರುಗಿ ಜಾಗ ಬಿಡಬೇಕು. 275ನೇ ಸ್ಥಾನದಲ್ಲಿ ಹಿಸ್ಟಿಡಿನ್ ಬದಲು ದಪ್ಪನೆಯ ಟೈರೋಸಿನ್ ಬಂದರೆ ಆ ತಿರುವು ಆಗುವುದಿಲ್ಲ. ಝನಾಮಿವಿರ್ ಎಂಬ ಇನ್ನೊಂದು ಮದ್ದು ಕಿಣ್ವದ ಸಹಜ ಆಹಾರವನ್ನೇ ಹೋಲುವುದರಿಂದ ಅದಕ್ಕೆ ಆ ತಿರುವು ಬೇಕಿಲ್ಲ, ಎಚ್275ವೈ ವೈರಸ್ಸಿಗೂ ಅದು ನಾಟುತ್ತದೆ. ಸಾಮಾನ್ಯವಾಗಿ ಎಚ್275ವೈ ಬಂದ ವೈರಸ್ ಸೊರಗುತ್ತದೆ, ಕಿಣ್ವ ಸರಿಯಾಗಿ ಕೋಶದ ಹೊರಮೈಗೆ ತಲುಪುವುದಿಲ್ಲ. 2007ರ ವೈರಸ್ ಅದಕ್ಕೆ ಮೊದಲೇ ಬೇರೆ ಬದಲಾವಣೆಗಳಿಂದ ಆ ಕೊರತೆ ತುಂಬಿಕೊಂಡಿತ್ತು. ಆರ್222ಕ್ಯೂ, ವಿ234ಎಂ ಎಂಬ ಜೋಡಿಯ ಪಾತ್ರವನ್ನು 2010ರಲ್ಲಿ ಸಂಶೋಧಕರು ತೋರಿಸಿದರು. ಸೊರಗದ ವೈರಸ್ ಮದ್ದಿನ ಒತ್ತಡವೇ ಇಲ್ಲದೆ ಹರಡಿತು. 2009ರಲ್ಲಿ ಹೊಸ ಎಚ್1ಎನ್1 ಬಂದು ಹಳೆಯದನ್ನು ಓಡಿಸಿದ್ದರಿಂದ, ಮತ್ತು ಹೊಸದಕ್ಕೆ ಒಸೆಲ್ಟಾಮಿವಿರ್ ನಾಟುತ್ತಿದ್ದುದರಿಂದ, ಈ ಕ್ಯಾಪ್ಸೂಲಿಗೆ ಮತ್ತೆ ಬೆಲೆ ಬಂತು.

ಅಂದಿನಿಂದ ಕಣ್ಣಿಟ್ಟೇ ಇದ್ದಾರೆ. 2011ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಸುತ್ತ, 2013-14ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಎಚ್275ವೈ ವೈರಸ್ ಜನರಿಂದ ಜನರಿಗೆ ಹರಡಿತು, ಆಮೇಲೆ ಅಡಗಿತು. 2023ರಲ್ಲಿ ಐ223ವಿ ಮತ್ತು ಎಸ್247ಎನ್ ಎರಡೂ ಒಟ್ಟಿಗಿರುವ ಎಚ್1ಎನ್1 ಹಲವು ಖಂಡಗಳಲ್ಲಿ ಕಂಡಿತು. ಅದರಲ್ಲಿ ಮದ್ದಿನ ಹಿಡಿತ ಹತ್ತು ಹದಿನೈದು ಪಟ್ಟು ಕಡಿಮೆಯಾಗುತ್ತದೆ, ಎಚ್275ವೈಯಲ್ಲಿ ಆಗುವಂತೆ ನೂರಾರು ಪಟ್ಟು ಅಲ್ಲ. ನೆರೆಯ ಹಾಸನದ ಸಾವಿನಿಂದ 2023ರ ಮಾರ್ಚ್‌ನಲ್ಲಿ ಸುದ್ದಿಯಾದ ಎಚ್3ಎನ್2ಗೂ ಒಸೆಲ್ಟಾಮಿವಿರ್ ನಾಟುತ್ತದೆ. ಅದರಲ್ಲಿ ಇ119ವಿ, ಆರ್292ಕೆ ಎಂಬ ಪ್ರತಿರೋಧದ ಬದಲಾವಣೆಗಳು ಅಪರೂಪಕ್ಕೆ ಕಾಣುತ್ತವೆ. ಬಿ ವಿಧದ ಫ್ಲೂನಲ್ಲಿ (ಇದು ವೈರಸ್ಸಿನ ವಿಧ, ಮೇಲೆ ಹೇಳಿದ ಬಿ ಗುಂಪಲ್ಲ) ಪ್ರತಿರೋಧ ಇಲ್ಲದೆಯೂ ಜ್ವರ ಇಳಿಯಲು ಎ ವಿಧಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು.

ಹರಡುವ ಪ್ರತಿರೋಧ ನಮ್ಮ ಕೈಯಲ್ಲಿಲ್ಲ. ಚಿಕಿತ್ಸೆ ನಡೆಯುವಾಗ ಒಬ್ಬರ ಮೈಯಲ್ಲೇ ಹುಟ್ಟುವ ಪ್ರತಿರೋಧ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಜಪಾನಿನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಸೆಲ್ಟಾಮಿವಿರ್ ಪಡೆದ 50 ಮಕ್ಕಳಲ್ಲಿ ಒಂಬತ್ತು ಮಂದಿಯಲ್ಲಿ ಪ್ರತಿರೋಧದ ಎಚ್3ಎನ್2 ಸಿಕ್ಕಿತು. ಮಕ್ಕಳಲ್ಲಿ ವೈರಸ್ ಹೆಚ್ಚು, ಹೆಚ್ಚು ದಿನ ಇರುತ್ತದೆ, ಜೊತೆಗೆ ಆಗ ಅಲ್ಲಿ ಕೊಡುತ್ತಿದ್ದ ಪ್ರಮಾಣ ಚಿಕ್ಕ ಮಕ್ಕಳಿಗೆ ಸಾಲುತ್ತಿರಲಿಲ್ಲ ಎಂಬ ವಿವರಣೆಯೂ ಇದೆ. ಸಿರಪ್ ಅಳತೆಗೆ ನಾವು ಇಷ್ಟು ಒತ್ತು ಕೊಟ್ಟದ್ದು ಅದಕ್ಕೇ.

ಕೊಡಗಿಗೆ ಹೆಚ್ಚು ತಾಗುವ ಅಪಾಯ ಇನ್ನೊಂದಿದೆ. ಇಲ್ಲಿ ವಸತಿ ಶಾಲೆಗಳು ಬಹಳ, ತೋಟಗಳ ಲೈನ್‌ಮನೆಗಳಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಅಸ್ಸಾಂ ಕಡೆಯಿಂದ ಬಂದವರೂ ಸೇರಿ ಒಂದೊಂದು ಕೋಣೆಯಲ್ಲಿ ಹಲವರು ಮಲಗುತ್ತಾರೆ. ಒಬ್ಬರಿಗೆ ಫ್ಲೂ ಎಂದು ಗೊತ್ತಾದ ಕೂಡಲೇ ಉಳಿದವರಿಗೆಲ್ಲ "ತಡೆಗೆ" ಎಂದು ದಿನಕ್ಕೊಂದು ಕ್ಯಾಪ್ಸೂಲ್ ಹಂಚುವ ಯೋಚನೆ ಸಹಜವಾಗಿ ಬರುತ್ತದೆ. ತಡೆಯ ಪ್ರಮಾಣ ಚಿಕಿತ್ಸೆಯ ಅರ್ಧ. ಸಾಲಿನಲ್ಲಿ ನಿಂತವರಲ್ಲಿ ಯಾರಿಗಾದರೂ ಆಗಲೇ ಸೋಂಕು ಹತ್ತಿದ್ದರೆ ಅವರ ಮೈಯಲ್ಲಿ ಬೆಳೆಯುತ್ತಿರುವ ವೈರಸ್ಸಿಗೆ ಅರ್ಧ ಮದ್ದು ಸಿಗುತ್ತದೆ. ಬದಲಾದ ವೈರಸ್ ಆರಿಸಿಕೊಂಡು ಮೇಲೆ ಬರಲು ಅದೇ ಸರಿಯಾದ ಸನ್ನಿವೇಶ. 2009ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಬೇಸಿಗೆ ಶಿಬಿರವೊಂದರಲ್ಲಿ ತಡೆಗೆಂದು ಮದ್ದು ಹಂಚಿದಾಗ, ಒಂದೇ ಕೋಣೆಯಲ್ಲಿದ್ದ ಇಬ್ಬರು ಹುಡುಗಿಯರಲ್ಲಿ ಎಚ್275ವೈ ಇರುವ ವೈರಸ್ ಸಿಕ್ಕಿತು. ಹಾಸ್ಟೆಲ್ ನಡೆಸುವವರಿಗೆ ನಮ್ಮ ಸಲಹೆ: ಜ್ವರ ಬಂದ ಮಗುವನ್ನು ಬೇರೆ ಕೋಣೆಗೆ ಹಾಕಿ, ಕಿಟಕಿ ತೆರೆಯಿರಿ, ಉಳಿದವರ ಜ್ವರ ದಿನಕ್ಕೆರಡು ಬಾರಿ ನೋಡಿ, ಲಕ್ಷಣ ಕಂಡವರಿಗೆ ವೈದ್ಯರ ಚೀಟಿಯ ಮೇಲೆ ಪೂರ್ತಿ ಚಿಕಿತ್ಸೆ ಕೊಡಿ. ತಡೆಯ ಕ್ಯಾಪ್ಸೂಲ್ ಆಸ್ತಮಾ, ಹೃದ್ರೋಗದಂಥ ಅಪಾಯ ಇರುವವರಿಗೆ ಮಾತ್ರ, ಅದೂ ವೈದ್ಯರು ಹೇಳಿದರೆ. ವರ್ಷಕ್ಕೊಂದು ಫ್ಲೂ ಲಸಿಕೆ ಹಾಕಿಸಿದರೆ ಈ ಪ್ರಶ್ನೆಯೇ ಅಪರೂಪಕ್ಕೆ ಎದ್ದೀತು, ಲಸಿಕೆಗೆ ಎಚ್275ವೈ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಿಲ್ಲ.

"ಎರಡು ದಿನ ನುಂಗಿದರೂ ಜ್ವರ ಇಳಿಯಲಿಲ್ಲ" ಎಂದಾಗ ಮೊದಲು ಪ್ರತಿರೋಧ ಎನ್ನಬೇಡಿ. ಗದ್ದೆಯಲ್ಲಿ, ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಮೀನಖಂಡ ಹಿಡಿದುಕೊಂಡಂತೆ ನೋವು, ಕಣ್ಣು ಕೆಂಪಾಗಿದ್ದರೆ ಇಲಿಜ್ವರ ಇರಬಹುದು, ಅದಕ್ಕೆ ಬೇಕಾದ್ದು ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್. ಡೆಂಗಿಯಲ್ಲಿ ಕೆಮ್ಮು ನೆಗಡಿ ಸಾಮಾನ್ಯವಾಗಿ ಮುಂದಿರುವುದಿಲ್ಲ. ಇಳಿದ ಜ್ವರ ನಾಲ್ಕೈದನೇ ದಿನ ಮತ್ತೆ ಏರಿ ಕಫ ಹಳದಿಯಾದರೆ ಫ್ಲೂ ಹಿಂದೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಅನುಮಾನಿಸಬೇಕು. ತ್ವರಿತ ಆಂಟಿಜೆನ್ ಪರೀಕ್ಷೆ ಫ್ಲೂ ಇದ್ದರೂ ಹಲವು ಸಲ ನೆಗೆಟಿವ್ ತೋರಿಸುತ್ತದೆ. ವೈರಸ್ಸಿನ ಜೀನ್ ಹುಡುಕುವ ಆರ್‌ಟಿಪಿಸಿಆರ್ ಪರೀಕ್ಷೆ ನಂಬಿಕಸ್ಥ, ಆದರೆ ಗುಣವಾದ ಮೇಲೂ ಸತ್ತ ವೈರಸ್ಸಿನ ತುಣುಕಿಗೆ ಪಾಸಿಟಿವ್ ಬರಬಹುದು. ಈ ಎರಡೂ ಪರೀಕ್ಷೆಗಳು ಪ್ರತಿರೋಧ ಇದೆಯೋ ಇಲ್ಲವೋ ಹೇಳುವುದಿಲ್ಲ.

ಕಕ್ಕಡ ತಿಂಗಳಲ್ಲಿ (ಕೊಡವರ ಆಟಿ ತಿಂಗಳು) ಒಂದು ಗಾಬರಿ ನಮ್ಮ ಜಿಲ್ಲೆಗೇ ವಿಶೇಷ. ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಅದೇ ವಾರ ಒಸೆಲ್ಟಾಮಿವಿರ್ ತೆಗೆದುಕೊಳ್ಳುತ್ತಿದ್ದರೆ ಕ್ಯಾಪ್ಸೂಲ್ ರಕ್ತ ಹೊರಡಿಸಿತು ಎಂದು ಹೆದರಿ ಕೋರ್ಸ್ ನಿಲ್ಲಿಸಬಾರದು. ಅದು ಸೊಪ್ಪಿನ ಬಣ್ಣ. ಸೊಪ್ಪು ತಿನ್ನದೆ ಕೆಂಪಾದರೆ ಮಾತ್ರ ವೈದ್ಯರಿಗೆ ತೋರಿಸಿ.

ಚಕ್ರಮೊಗ್ಗಿನ ಕಷಾಯದ ಮಾತೂ ಹೇಳಲೇಬೇಕು. ಟಾಮಿಫ್ಲೂ ತಯಾರಿಸುವ ಶಿಕಿಮಿಕ್ ಆಮ್ಲವನ್ನು ಚಕ್ರಮೊಗ್ಗಿನಿಂದ ತೆಗೆಯುತ್ತಾರೆ ಎನ್ನುವುದು ನಿಜ. ಆದರೆ ಆ ಆಮ್ಲಕ್ಕೆ ಫ್ಲೂ ತಡೆಯುವ ಗುಣ ಇಲ್ಲ. ಕಾರ್ಖಾನೆಯಲ್ಲಿ ಹಲವು ಹಂತದ ರಾಸಾಯನಿಕ ಕ್ರಿಯೆಗಳ ನಂತರ ಅದು ಒಸೆಲ್ಟಾಮಿವಿರ್ ಆಗುತ್ತದೆ. ಮಸಾಲೆ ಅಂಗಡಿಯ ಚಕ್ರಮೊಗ್ಗು ಗಂಟಲಿಗೆ ಹಿತ ಕೊಟ್ಟೀತು, ಚಿಕಿತ್ಸೆಯ ಜಾಗ ತುಂಬದು.

ನಿಜವಾದ ಪ್ರತಿರೋಧವನ್ನು ಅನುಮಾನಿಸಬೇಕಾದವರು ಕೆಲವೇ ಮಂದಿ: ಕೀಮೋ, ಅಂಗಕಸಿ, ದೀರ್ಘ ಸ್ಟೆರಾಯ್ಡ್ ಮೊದಲಾದ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿದವರು, ಸರಿಯಾದ ಪ್ರಮಾಣದಲ್ಲಿ ಐದು ದಿನ ಮುಗಿಸಿದ ಮೇಲೂ ಹದಗೆಡುತ್ತಿರುವವರು, ತಡೆಯ ಕ್ಯಾಪ್ಸೂಲ್ ನುಂಗುತ್ತಿರುವಾಗಲೇ ಜ್ವರ ಬಂದವರು. ಇಂಥವರಿಗೆ ಕ್ಯಾಪ್ಸೂಲ್ ಎರಡೆರಡು ಕೊಡುವುದರಿಂದ ಉಪಯೋಗವಿಲ್ಲ. ಎಚ್275ವೈ ಹಿಡಿತವನ್ನು ನೂರಾರು ಪಟ್ಟು ತಗ್ಗಿಸಿರುವಾಗ ಎರಡು ಪಟ್ಟು ಯಾವ ಮೂಲೆಗೆ? ಪ್ರತಿರೋಧ ಇಲ್ಲದ ಗಂಭೀರ ರೋಗಿಗಳಲ್ಲೂ ಎರಡರಷ್ಟು ಪ್ರಮಾಣ ಹೆಚ್ಚಿನ ಲಾಭ ಕೊಡಲಿಲ್ಲ ಎಂದು ಆಗ್ನೇಯ ಏಷ್ಯಾದ ಆಸ್ಪತ್ರೆಗಳ 2013ರ ಅಧ್ಯಯನ ತೋರಿಸಿದೆ. ಪೆರಾಮಿವಿರ್ ಇಂಜೆಕ್ಷನ್‌ಗೂ ಎಚ್275ವೈ ಅಡ್ಡಬರುತ್ತದೆ, ಅದಕ್ಕೆ ಬದಲಾಯಿಸುವುದು ಸರಿದಾರಿಯಲ್ಲ.

ಉಳಿಯುವುದು ಝನಾಮಿವಿರ್: ಉಸಿರಿನಲ್ಲಿ ಎಳೆದುಕೊಳ್ಳುವ ಪುಡಿ, 10 ಮಿ.ಗ್ರಾಂ ದಿನಕ್ಕೆರಡು ಬಾರಿ, ಏಳು ವರ್ಷ ದಾಟಿದವರಿಗೆ. ಆಸ್ತಮಾ, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಶ್ವಾಸನಾಳ ಬಿಗಿದುಕೊಳ್ಳುವ ಅಪಾಯ ಇರುವುದರಿಂದ ಸಲ್ಲದು. ಪುಡಿಯಲ್ಲಿ ಲ್ಯಾಕ್ಟೋಸ್ ಇದೆ, ನೀರಿನಲ್ಲಿ ಕರಗಿಸಿ ನೆಬ್ಯುಲೈಸರ್‌ಗೆ ಹಾಕಲೇಬಾರದು. ಹಾಗೆ ಮಾಡಿ ವೆಂಟಿಲೇಟರ್ ಕಟ್ಟಿಕೊಂಡು ರೋಗಿ ಸತ್ತ ಉದಾಹರಣೆ 2009ರಲ್ಲಿ ವರದಿಯಾಗಿದೆ. ಮತ್ತೊಂದು ಬಾಲೊಕ್ಸಾವಿರ್, 2018ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಒಂದೇ ಡೋಸ್, ಕೆಲಸ ಮಾಡುವ ಜಾಗವೇ ಬೇರೆ, ಎಚ್275ವೈ ಅದಕ್ಕೆ ಲೆಕ್ಕಕ್ಕಿಲ್ಲ. ಹಾಲು ಹಾಕಿದ ಕಾಫಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಜೊತೆಗೆ ಮಾತ್ರ ನುಂಗಬಾರದು, ಹೀರಿಕೆ ಕುಗ್ಗುತ್ತದೆ. ಅದೂ ಪ್ರತಿರೋಧದಿಂದ ಹೊರತಲ್ಲ: ಮೊದಲ ದೊಡ್ಡ ಪರೀಕ್ಷೆಯಲ್ಲೇ ಮದ್ದು ಪಡೆದವರಲ್ಲಿ ಶೇ 9.7ರಷ್ಟು ಮಂದಿಯಲ್ಲಿ ಐ38ನೇ ಸ್ಥಾನದ ಬದಲಾವಣೆ ಕಾಣಿಸಿಕೊಂಡಿತು, ಜಪಾನಿನ ಮಕ್ಕಳಲ್ಲಿ ಶೇ 23.4. ಒಂದೇ ಡೋಸಿನ ಸುಖಕ್ಕೆ ಅದನ್ನು ಒಸೆಲ್ಟಾಮಿವಿರ್‌ಗಿಂತ ಮೇಲಿಡಲು ನಮಗೆ ಮನಸ್ಸಾಗುವುದಿಲ್ಲ.

ಇಂಥ ರೋಗಿಯನ್ನು ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ ಜೊತೆಗೆ ಹೋಗುವ ಚೀಟಿಯಲ್ಲಿ ಇಷ್ಟಿರಲಿ: ಜ್ವರ ಶುರುವಾದ ದಿನ, ಮೊದಲ ಕ್ಯಾಪ್ಸೂಲ್ ನುಂಗಿದ ದಿನ ಮತ್ತು ಗಂಟೆ, ಎಷ್ಟು ಮಿ.ಗ್ರಾಂ, ಎಷ್ಟು ಡೋಸ್ ವಾಂತಿಯಾಯಿತು, ರೋಗಿಯ ತೂಕ, ಕ್ರಿಯಾಟಿನಿನ್, ಗಂಟಲು ಮೂಗಿನ ಮಾದರಿ ತೆಗೆದದ್ದು ಮದ್ದು ಶುರುವಾಗುವ ಮುಂಚೆಯೋ ಆಮೇಲೋ. ವೈರಸ್ಸಿನ ಜೀನ್ ಓದಿ ಪ್ರತಿರೋಧ ಹುಡುಕುವ ಪ್ರಯೋಗಾಲಯಕ್ಕೆ ಮೊದಲಿನ ಮತ್ತು ಆಮೇಲಿನ ಎರಡೂ ಮಾದರಿ ಸಿಕ್ಕರೆ, ಬದಲಾವಣೆ ಹೊರಗಿನಿಂದ ಬಂದದ್ದೋ ರೋಗಿಯ ಮೈಯಲ್ಲೇ ಹುಟ್ಟಿದ್ದೋ ಹೇಳಬಹುದು. ಖಾಲಿಯಾದ ಸ್ಟ್ರಿಪ್ಪನ್ನೂ ಎಸೆಯದೆ ಕಳಿಸಿ, ಬ್ಯಾಚ್ ನಂಬರ್ ಅದರ ಮೇಲೇ ಇರುತ್ತದೆ.